ಶಿಡ್ಲಘಟ್ಟದ ಗೂಡು, ಚೀನಾದ ನೂಲು: ಒಂದು ಅವಲಂಬನೆ ಹೇಗೆ ಬೆಳೆಯಿತು, ಹೇಗೆ ಇಳಿಯಿತು

2003-04ರಲ್ಲಿ ಭಾರತದಲ್ಲಿ ತಯಾರಾದ ಕಚ್ಚಾ ರೇಷ್ಮೆ 15,742 ಟನ್. ಅದೇ ವರ್ಷ ಹೊರದೇಶದಿಂದ ತರಿಸಿಕೊಂಡದ್ದು 9,258 ಟನ್. ಆ ಆಮದಿನ ಬಹುಪಾಲು ಒಂದೇ ದೇಶದ್ದು, ಚೀನಾದ್ದು. ಜಗತ್ತಿನಲ್ಲಿ ರೇಷ್ಮೆ ಬೆಳೆಯುವುದರಲ್ಲಿ ಎರಡನೇ ಸ್ಥಾನದಲ್ಲಿರುವ ನಾವು, ನಮ್ಮ ಮಗ್ಗಗಳಿಗೆ ಬೇಕಾದ ನೂಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯನ್ನು ಮೊದಲ ಸ್ಥಾನದಲ್ಲಿರುವವರಿಂದ ಕೊಳ್ಳುತ್ತಿದ್ದೆವು. ಈ ಲೆಕ್ಕದಲ್ಲಿ ಟಸರ್, ಎರಿ, ಮುಗಾ ಅನ್ನುವ ಬೇರೆ ಜಾತಿಯ ರೇಷ್ಮೆಗಳೂ ಸೇರಿವೆ. ಬರೀ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುವಿನ ರೇಷ್ಮೆಯ ಲೆಕ್ಕ ಹಾಕಿದರೆ ಅವಲಂಬನೆ ಇನ್ನೂ ಜಾಸ್ತಿ.

2021-22ಕ್ಕೆ ಬನ್ನಿ. ದೇಶದ ಉತ್ಪಾದನೆ 34,903 ಟನ್. ಆಮದು 2,000 ಟನ್ ಕೂಡ ಮುಟ್ಟಲಿಲ್ಲ.

ಇಷ್ಟು ದೊಡ್ಡ ಬದಲಾವಣೆ ಹೇಗಾಯಿತು? ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಸುಂಕ ಏರಿಸಿದ್ರು, ಚೀನಾ ರೇಷ್ಮೆ ನಿಂತಿತು. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ನಾವು ಮರೆತರೆ ಮುಂದಿನ ಸಲ ಮತ್ತೆ ಅದೇ ಗುಂಡಿಗೆ ಬೀಳುತ್ತೇವೆ ಅನ್ನುವ ಭಯ ನನಗಿದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಶಿಡ್ಲಘಟ್ಟವನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಈ ಕಥೆಯ ಎಲ್ಲ ಎಳೆಗಳೂ ಇಲ್ಲಿ ಒಂದು ಕಡೆ ಸೇರುತ್ತವೆ. ರಾಮನಗರ ಬಿಟ್ಟರೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಇದು. 2007ರಲ್ಲಿ ಜಿಲ್ಲೆ ಒಡೆಯುವ ತನಕ ನಾವು ಕೋಲಾರದವರೇ. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಕಡೆಯ ಗೂಡೂ ಇಲ್ಲಿಗೆ ಬರುತ್ತದೆ, ಗಡಿಯಾಚೆ ಆಂಧ್ರದ್ದೂ ಬರುತ್ತದೆ. ಊರಿನ ಗಲ್ಲಿಗಳಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳ ಮನೆಗಳು. ಗೂಡು ಬೇಯುವ ಬಿಸಿನೀರಿನ ವಾಸನೆ, ಚರಕದ ಸದ್ದು, ಒದ್ದೆ ಕೈಯಲ್ಲಿ ಎಳೆ ಹುಡುಕುವ ಹೆಂಗಸರು. ಚೀನಾದಲ್ಲಿ ಏನಾದರೂ ಆದರೆ ಅದು ಮೊದಲು ತಟ್ಟುವುದು ಇಂಥ ಮನೆಗಳಿಗೆ.

ನಮ್ಮಲ್ಲಿ ರೇಷ್ಮೆ ಇತ್ತು, ಆದರೆ ಆ ದರ್ಜೆ ಇರಲಿಲ್ಲ

ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಸೀರೆ ನೇಯಲು ಹಾಸು ಬೇಕು, ಹೊಕ್ಕು ಬೇಕು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟುವ ಎಳೆ, ನೇಕಾರರು ವಾರ್ಪು ಅನ್ನುತ್ತಾರೆ. ಅದು ಮಗ್ಗದ ಎಲ್ಲ ಎಳೆತವನ್ನೂ ತಡೆಯಬೇಕು. ಕೈಮಗ್ಗದಲ್ಲಿ ಎಳೆ ತುಂಡಾದರೆ ನೇಕಾರ ನಿಲ್ಲಿಸಿ ಗಂಟು ಹಾಕುತ್ತಾನೆ. ಪವರ್‌ಲೂಮ್‌ನಲ್ಲಿ ಪದೇ ಪದೇ ತುಂಡಾದರೆ ದಿನದ ದುಡಿಮೆಯೇ ಹೋಯಿತು. ಹಾಗಾಗಿ ದಪ್ಪದಲ್ಲಿ ಏರುಪೇರಿಲ್ಲದ, ಗಂಟಿಲ್ಲದ, ಗಟ್ಟಿ ನೂಲೇ ಬೇಕು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಇದನ್ನು 2ಎ, 3ಎ, 4ಎ ಅಂತ ದರ್ಜೆ ಮಾಡುತ್ತಾರೆ.

ಶಿಡ್ಲಘಟ್ಟದ ಚರಕದಲ್ಲಿ ಬಿಚ್ಚಿದ ನೂಲು ಹೊಕ್ಕಿಗೆ ಚೆನ್ನಾಗಿತ್ತು, ಹೊಳಪೂ ಚೆನ್ನಾಗಿತ್ತು. ಆದರೆ ದರ್ಜೆಯ ಪರೀಕ್ಷೆಯಲ್ಲಿ ನಿಲ್ಲುತ್ತಿರಲಿಲ್ಲ. ಇದು ನಮ್ಮ ರೀಲರ್‌ಗಳ ಕೈಯ ತಪ್ಪಲ್ಲ. ಮೂಲ ಇರುವುದು ಹುಳುವಿನಲ್ಲೇ. ನಮ್ಮಲ್ಲಿ ಸಾಕುತ್ತಿದ್ದದ್ದು ಮೈಸೂರು ತಳಿಯ ಜೊತೆ ಬೆರೆಸಿದ ಮಿಶ್ರತಳಿ. ಗೂಡು ಹಳದಿ. ಬಿಸಿಲು ತಡೆಯುತ್ತದೆ, ರೋಗ ತಡೆಯುತ್ತದೆ, ಸೊಪ್ಪು ಸ್ವಲ್ಪ ಹೆಚ್ಚುಕಮ್ಮಿಯಾದರೂ ಬೆಳೆ ಕೈಕೊಡುವುದಿಲ್ಲ. ಆದರೆ ಒಂದು ಗೂಡಿನಲ್ಲಿ ಸಿಗುವ ಎಳೆ ಗಿಡ್ಡ. ದ್ವಿತಳಿ ಅನ್ನುವ ಇನ್ನೊಂದು ಬಗೆಯ ಹುಳುವಿನ ಬಿಳಿ ಗೂಡಿನಲ್ಲಿ ಸಾವಿರ ಮೀಟರಿಗೂ ಉದ್ದದ ಎಳೆ ಬರುತ್ತದೆ. ಮಿಶ್ರತಳಿಯಲ್ಲಿ ಅಷ್ಟು ಬರುವುದಿಲ್ಲ. ಎಳೆ ಗಿಡ್ಡವಾದಷ್ಟೂ ಜೋಡಿಸುವ ಜಾಗ ಜಾಸ್ತಿ, ಜೋಡಿಸಿದಲ್ಲೆಲ್ಲ ನೂಲಿನ ದಪ್ಪ ಬದಲಾಗುತ್ತದೆ.

ಹಾಗಾಗಿ ದೊಡ್ಡಬಳ್ಳಾಪುರದ ಪವರ್‌ಲೂಮ್‌ನವರು, ಧರ್ಮಾವರದವರು, ಬನಾರಸ್‌ನವರು ಹಾಸಿನ ಎಳೆಗೆ ಚೀನಾ ನೂಲು ಹಾಕಿದರು, ಹೊಕ್ಕಿಗೆ ನಮ್ಮದು ಹಾಕಿದರು. ಒಂದೇ ಸೀರೆಯಲ್ಲಿ ಎರಡು ದೇಶ. ಇದರಲ್ಲಿ ದೇಶದ್ರೋಹ ಏನೂ ಇಲ್ಲ. ದೊಡ್ಡಬಳ್ಳಾಪುರದ ನೇಕಾರನೂ ನಮ್ಮವನೇ, ಅವನಿಗೂ ಸಾಲ ಇದೆ, ಸಂಸಾರ ಇದೆ, ಅಲ್ವಾ? ಈ ವಿಷಯದಲ್ಲಿ ಬರೆಯುವ ಬಹಳ ಜನ ರೈತನ ಕಡೆ ಮಾತ್ರ ನಿಂತು ಬರೆಯುತ್ತಾರೆ. ನಾನೂ ರೇಷ್ಮೆ ಸೀಮೆಯವನೇ, ಆದರೆ ನೇಕಾರನಿಗೆ ಬೇಕಾದ ನೂಲನ್ನು ನಾವು ಕೊಡದೆ ಅವನು ಹೊರಗೆ ಕೊಂಡ ಅಂತ ಬೈಯುವುದು ನ್ಯಾಯವಲ್ಲ.

2011ರ ಫೆಬ್ರವರಿ 28

2003ರ ಹೊತ್ತಿಗೇ ಕೇಂದ್ರ ಸರ್ಕಾರ ಚೀನಾ ರೇಷ್ಮೆ ನೂಲಿನ ಮೇಲೆ ಆ್ಯಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುಂಕ ಹಾಕಿತ್ತು. 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಅದು ಅನ್ವಯ. ನೂಲಿಗೆ ತಡೆ ಬಂದಾಗ ಬಟ್ಟೆಯ ರೂಪದಲ್ಲೇ ಬರತೊಡಗಿತು, ಆಮೇಲೆ ಬಟ್ಟೆಗೂ ಹಾಕಬೇಕಾಯಿತು. ಇದರ ಜೊತೆಗೆ ಮಾಮೂಲಿ ಆಮದು ಸುಂಕ ಶೇ 30 ಇತ್ತು.

2011ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಅದನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿದರು. ನೇಕಾರರಿಗೆ ನೂಲು ಅಗ್ಗವಾಗಲಿ ಅನ್ನುವುದು ಉದ್ದೇಶ. ನಮ್ಮ ಕಡೆ ಗೂಡಿನ ಬೆಲೆ ದಡಬಡ ಬಿತ್ತು. ರೈತರು ಬೀದಿಗೆ ಬಂದರು, ಹೆದ್ದಾರಿ ತಡೆದರು. ಎಷ್ಟೋ ತೋಟಗಳಲ್ಲಿ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರು. ಹಿಪ್ಪುನೇರಳೆ ಒಂದು ಸಲ ನೆಟ್ಟರೆ ಹತ್ತು ಹದಿನೈದು ವರ್ಷ ಇರುವ ತೋಟ, ಕಿತ್ತವನು ಮತ್ತೆ ನೆಡಲು ಸುಲಭವಾಗಿ ಒಪ್ಪುವುದಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ, ಇದನ್ನು ಜನ ಗಮನಿಸುವುದಿಲ್ಲ. ಸುಂಕ ಇಳಿದ ವರ್ಷ ಆಮದೇನೂ ಜಾಸ್ತಿ ಆಗಲಿಲ್ಲ. ಹಿಂದಿನ ವರ್ಷವೂ ಆ ವರ್ಷವೂ ಐದೂವರೆಯಿಂದ ಆರು ಸಾವಿರ ಟನ್ ನಡುವೆಯೇ ಇತ್ತು. ಹಾಗಾದರೆ ಬೆಲೆ ಯಾಕೆ ಬಿತ್ತು?

ಲೆಕ್ಕ ನೋಡಿ. ಬಂದರಿನಲ್ಲಿ 100 ರೂಪಾಯಿಯ ನೂಲು ಶೇ 30 ಸುಂಕದಲ್ಲಿ 130 ಆಗುತ್ತಿತ್ತು, ಈಗ 105. ಅಂದರೆ ಸುಮಾರು ಶೇ 19 ಇಳಿಕೆ. ಚೀನಾ ನೂಲು ಒಂದು ಕಿಲೋ ಹೆಚ್ಚಿಗೆ ಬರದಿದ್ದರೂ, ವ್ಯಾಪಾರಿ ರೀಲರ್‌ಗೆ ಹೇಳುವ ಮಾತು ಬದಲಾಗುತ್ತದೆ: ಅಲ್ಲಿ ಇಷ್ಟಕ್ಕೆ ಸಿಗುತ್ತೆ, ನಿಂದು ಯಾಕೆ ತಗೊಳ್ಳಲಿ? ರೀಲರ್‌ಗೆ ಸೌದೆ ಖರ್ಚು, ಕೂಲಿ, ಬಾಡಿಗೆ ಏನೂ ಇಳಿದಿಲ್ಲ. ಅವನು ಇಳಿಸಬಹುದಾದದ್ದು ಒಂದೇ, ಗೂಡಿನ ಬೆಲೆ. ಉದಾಹರಣೆಗೆ ನೂಲು ಕಿಲೋಗೆ 2,400, ರೀಲರ್ ಖರ್ಚು 400, ಒಂದು ಕಿಲೋ ನೂಲಿಗೆ 8 ಕಿಲೋ ಗೂಡು ಅಂದುಕೊಳ್ಳಿ. ಗೂಡಿಗೆ 250 ಕೊಡಬಹುದು. ನೂಲು ಶೇ 20 ಇಳಿದು 1,920 ಆದರೆ ಗೂಡಿಗೆ ಕೊಡಬಹುದಾದದ್ದು 190. ನೂಲು ಇಳಿದದ್ದು ಶೇ 20, ಗೂಡು ಇಳಿದದ್ದು ಶೇ 24. ಇದರ ಮೇಲೆ ಭಯ ಸೇರಿದರೆ ಬೆಲೆಗೆ ನೆಲವೇ ಇಲ್ಲ, ಯಾಕಂದ್ರೆ ನಾಳೆ ಇನ್ನೂ ಇಳಿಯುತ್ತದೆ ಅಂತ ಎಲ್ಲರೂ ಕೊಳ್ಳುವುದನ್ನೇ ನಿಲ್ಲಿಸುತ್ತಾರೆ.

ರೈತನಿಗೆ ನಿಲ್ಲಿಸುವ ಅವಕಾಶ ಇಲ್ಲ. ಗೂಡು ರಾಗಿಯಂತೆ ಕಣಜಕ್ಕೆ ಹಾಕಿಡುವ ಮಾಲಲ್ಲ. ಒಳಗೆ ಜೀವ ಇದೆ. ಕೆಲವೇ ದಿನದಲ್ಲಿ ಪತಂಗ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತಾದ ಗೂಡಿನಲ್ಲಿ ಎಳೆ ಬಿಚ್ಚಲು ಆಗುವುದಿಲ್ಲ. ಒಣಗಿಸಿ ಇಡುವ ಸೌಲಭ್ಯ ರೈತನ ಮನೆಯಲ್ಲಿ ಇರುವುದಿಲ್ಲ. 1959ರ ರಾಜ್ಯದ ಕಾನೂನಿನ ಪ್ರಕಾರ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿಗೆ ಇಡಬೇಕು. ಆ ಕಾನೂನು ರೈತನಿಗೆ ಒಳ್ಳೆಯದೇ, ತೂಕದ ಮೋಸ ತಪ್ಪಿದೆ. ಆದರೆ ಲಾಟು ತಂದ ದಿನ ಕೂಗಿದ ಬೆಲೆಗೆ ಕೊಟ್ಟೇ ಹೋಗಬೇಕಾದ ಪರಿಸ್ಥಿತಿ ಹಾಗೇ ಉಳಿದಿದೆ. ಒಂದೇ ದೇಶದ ಮೇಲೆ ಅವಲಂಬನೆ ಅಂದಾಗ ನಾವು ಎಷ್ಟು ಟನ್ ಬಂತು ಅಂತ ಎಣಿಸುತ್ತೇವೆ. ನನ್ನ ಪ್ರಕಾರ ನಿಜವಾದ ಪೆಟ್ಟು ಬರುವುದು ನಮ್ಮ ಊರಿನ ಬೆಲೆಯನ್ನು ಬೇರೆ ಕಡೆ ಕೂತವರು ತೀರ್ಮಾನಿಸುವಾಗ. ಆಗ ಒಂದು ಟನ್ ಬರದಿದ್ದರೂ ಪೆಟ್ಟು ಬೀಳುತ್ತದೆ.

2013ರ ಬಜೆಟ್‌ನಲ್ಲಿ ಪಿ. ಚಿದಂಬರಂ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು. ನಡುವೆ ಶೇ 10ಕ್ಕೆ ಇಳಿಯಿತು. 2021ರಲ್ಲಿ ನಿರ್ಮಲಾ ಸೀತಾರಾಮನ್ ಪುನಃ ಶೇ 15 ಮಾಡಿದರು. ಹತ್ತು ವರ್ಷದಲ್ಲಿ 30, 5, 15, 10, 15. ತೋಟ ನೆಡುವವನು ಹದಿನೈದು ವರ್ಷದ ಲೆಕ್ಕ ಹಾಕಬೇಕು, ದೆಹಲಿ ಎರಡು ವರ್ಷಕ್ಕೊಮ್ಮೆ ಮನಸ್ಸು ಬದಲಾಯಿಸುತ್ತದೆ. ಸುಂಕ ಎಷ್ಟಿದೆ ಅನ್ನುವುದಕ್ಕಿಂತ ಈ ಅಲುಗಾಟವೇ ನಮಗೆ ಜಾಸ್ತಿ ಹಾನಿ ಮಾಡಿತು ಅಂತ ನನಗೆ ಅನಿಸುತ್ತದೆ.

ಈ ಜಗಳ ಹೊಸದೇನೂ ಅಲ್ಲ. 1930ರ ದಶಕದಲ್ಲೂ ಚೀನಾ, ಜಪಾನ್‌ಗಳ ಅಗ್ಗದ ರೇಷ್ಮೆ ಬಂದು ಮೈಸೂರು ಸೀಮೆಯ ರೇಷ್ಮೆ ನೆಲ ಕಚ್ಚಿತ್ತು, ಬ್ರಿಟಿಷ್ ಸರ್ಕಾರದ ಸುಂಕ ಮಂಡಳಿ ವಿಚಾರಣೆ ನಡೆಸಿ 1934ರಲ್ಲಿ ರಕ್ಷಣಾ ಸುಂಕ ಬಂತು. ಇಷ್ಟು ವರ್ಷ ಆದ ಮೇಲೂ ನಾವು ಅದೇ ಔಷಧಿ ಕೇಳುತ್ತಿದ್ದೆವು.

ಬಿಳಿ ಗೂಡು

ಈಗ ಮರೆತುಹೋಗುವ ಅರ್ಧಕ್ಕೆ ಬರುತ್ತೇನೆ. ಕೆಲಸ ಶುರುವಾದದ್ದು 2011ಕ್ಕಿಂತ ಬಹಳ ಮೊದಲೇ. 1991ರಲ್ಲಿ ಜಪಾನಿನ ಜೈಕಾ ಸಂಸ್ಥೆಯ ನೆರವಿನಲ್ಲಿ ದ್ವಿತಳಿ ಯೋಜನೆ ಆರಂಭವಾಯಿತು, 2007ರ ತನಕ ಹಂತ ಹಂತವಾಗಿ ನಡೆಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಸಿಎಸ್‌ಆರ್-2, ಸಿಎಸ್‌ಆರ್-4 ಮುಂತಾದ ತಳಿಗಳು ಬಂದವು. ಜೊತೆಗೆ ವಿ-1 ಹಿಪ್ಪುನೇರಳೆ, ದೊಡ್ಡ ಎಲೆ, ಮಂದ ಸೊಪ್ಪು. ರೈತರು ಮನೆಯೊಳಗೆ ತಟ್ಟೆಯಲ್ಲಿ ಸಾಕುವುದನ್ನು ಬಿಟ್ಟು ಪ್ರತ್ಯೇಕ ಹುಳು ಸಾಕುವ ಮನೆ ಕಟ್ಟಿದರು, ಎಲೆ ಬಿಡಿಸಿ ಹಾಕುವ ಬದಲು ರೆಂಬೆ ಸಮೇತ ಹಾಕುವುದನ್ನು ಕಲಿತರು. ಚಾಕಿ ಕೇಂದ್ರಗಳು ಬಂದವು. ಎರಡನೇ ಜ್ವರದ ತನಕ, ಅಂದರೆ ಹುಳು ಎರಡನೇ ಸಲ ಪೊರೆ ಬಿಡುವ ತನಕ, ಅವರೇ ಸಾಕಿ ಕೊಡುತ್ತಾರೆ, ಎಳೆ ಹುಳು ಸಾಯುವ ಅಪಾಯ ರೈತನ ತಲೆಯಿಂದ ಇಳಿಯಿತು.

ದ್ವಿತಳಿ ಸಾಕುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ತಂಪು ದೇಶದ ಹುಳು. 25 ಡಿಗ್ರಿ ಆಸುಪಾಸು ಇರಬೇಕು, ಗಾಳಿಯಲ್ಲಿ ತೇವ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆ ತಗಡಿನ ಛಾವಣಿ ಮೇಲೆ ತೆಂಗಿನ ಗರಿ ಹೊದಿಸಿ, ನೀರು ಚಿಮುಕಿಸಿ, ಗೋಣಿ ಒದ್ದೆ ಮಾಡಿ ಕಿಟಕಿಗೆ ಕಟ್ಟಿ ಹುಳು ಉಳಿಸಿಕೊಳ್ಳುತ್ತಾರೆ. ಹಾಲು ರೋಗ, ಸುಣ್ಣಕಟ್ಟು ಬಂತೆಂದರೆ ಇಡೀ ಬೆಳೆ ತಿಪ್ಪೆಗೆ. ಊಜಿ ನೊಣ ಬೇರೆ, ಅದೂ ಆಮದಾದ ಪೀಡೆಯೇ, 1980ರಲ್ಲಿ ಬಂಗಾಳದಿಂದ ತಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದದ್ದು. ಬೋರ್‌ವೆಲ್ ಸಾವಿರ ಅಡಿ ದಾಟಿದ ತಾಲ್ಲೂಕುಗಳಲ್ಲಿ, ಹನಿ ನೀರಾವರಿಯಲ್ಲಿ, ಇದನ್ನೆಲ್ಲ ನಿಭಾಯಿಸಿ ಬಿಳಿ ಗೂಡು ತೆಗೆದವರು ನಮ್ಮ ರೈತರು. ಅದರಲ್ಲೂ ಹೆಂಗಸರು. ಹುಳುವಿಗೆ ರಾತ್ರಿ ಹನ್ನೊಂದಕ್ಕೂ ಸೊಪ್ಪು ಹಾಕಬೇಕು, ಬೆಳಿಗ್ಗೆ ಐದಕ್ಕೂ ಹಾಕಬೇಕು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುವಾಗ ಮನೆಮಂದಿಗೆಲ್ಲ ನಿದ್ದೆ ಇಲ್ಲ.

ಫಲ ಅಂಕಿಯಲ್ಲಿ ಕಾಣುತ್ತದೆ. ದೇಶದ ದ್ವಿತಳಿ ರೇಷ್ಮೆ 2013-14ರಲ್ಲಿ 2,559 ಟನ್ ಇದ್ದದ್ದು 2019-20ಕ್ಕೆ 7,000 ಟನ್ ದಾಟಿತು. ಇದೇ ಅವಧಿಯ ಆಮದು ನೋಡಿ: 2012-13ರಲ್ಲಿ 4,959 ಟನ್, 2018-19ರಲ್ಲಿ 2,785. ಸುಂಕ ಶೇ 10ಕ್ಕೆ ಇಳಿದಿದ್ದಾಗಲೂ ಆಮದು ಹಳೆಯ ಮಟ್ಟಕ್ಕೆ ಏರಲಿಲ್ಲ. ಸುಂಕವೇ ಎಲ್ಲ ಮಾಡಿದ್ದಾದರೆ ಹೀಗಾಗುತ್ತಿರಲಿಲ್ಲ.

ಆದರೆ ಎಲ್ಲ ಕೀರ್ತಿಯನ್ನೂ ನಾವೇ ತೆಗೆದುಕೊಳ್ಳುವುದೂ ಸರಿಯಲ್ಲ. ಚೀನಾದಲ್ಲೇ ರೇಷ್ಮೆ ಕುಗ್ಗಿತು. ಅಂತರರಾಷ್ಟ್ರೀಯ ರೇಷ್ಮೆ ಒಕ್ಕೂಟದ ಅಂಕಿಗಳ ಪ್ರಕಾರ 2015ರಲ್ಲಿ 1,70,000 ಟನ್ ಇದ್ದ ಅವರ ಉತ್ಪಾದನೆ 2022ಕ್ಕೆ 50,000 ಟನ್ ಆಸುಪಾಸಿಗೆ ಬಂತು. ಝೆಜಿಯಾಂಗ್, ಜಿಯಾಂಗ್ಸುವಿನ ರೈತರು ಕಾರ್ಖಾನೆಗೆ ಹೋದರು, ಭೂಮಿ ಕಾರ್ಖಾನೆಗೆ ಹೋಯಿತು, ರೇಷ್ಮೆ ದಕ್ಷಿಣದ ಗುವಾಂಗ್ಶಿಗೆ ಸರಿಯಿತು, ಕೂಲಿ ಏರಿತು. ಅವರ ನೂಲು ದುಬಾರಿಯಾದಾಗ ನಮ್ಮದಕ್ಕೆ ಜಾಗ ಸಿಕ್ಕಿತು. ಒಬ್ಬನೇ ಪೂರೈಕೆದಾರನನ್ನು ನೆಚ್ಚಿಕೊಂಡರೆ ಅವನು ಬೇಕೆಂದೇ ಕೈಕೊಡಬೇಕಾಗಿಲ್ಲ. ಅವನ ಮನೆಯಲ್ಲಿ ಮಕ್ಕಳು ಬೇರೆ ಕೆಲಸ ಹಿಡಿದರೂ ಸಾಕು, ನಮ್ಮ ಮಗ್ಗ ನಿಲ್ಲುತ್ತದೆ. ಬಿಳಿ ಗೂಡು ಸಿದ್ಧವಿಲ್ಲದಿದ್ದರೆ ಈ ಹತ್ತು ವರ್ಷ ನಮ್ಮ ನೇಕಾರರ ಗತಿ ಏನಾಗುತ್ತಿತ್ತು ಅಂತ ಯೋಚಿಸಿ.

2020ರಿಂದ 2022ರ ನಡುವೆ ಇದರ ಪರೀಕ್ಷೆಯೂ ಆಯಿತು. ಕೊರೊನಾ ಬಂತು, ಚೀನಾದ ಮಾಲು ನಿಂತಿತು, 2020-21ರ ಆಮದು 1,804 ಟನ್‌ಗೆ ಇಳಿಯಿತು. ಆಗ ಚೀನಾ ಮಾಲಿನ ಬಹಿಷ್ಕಾರದ ಮಾತು ಜೋರಾಗಿತ್ತು. ಆದರೆ ರೈತನಿಗೆ ಆ ವರ್ಷ ಲಾಭ ಆಗಲಿಲ್ಲ, ಮದುವೆಗಳೇ ಇಲ್ಲ, ಸೀರೆ ಕೊಳ್ಳುವವರಿಲ್ಲ, ನೂಲು ರೀಲರ್ ಮನೆಯಲ್ಲೇ ಕೂತಿತು. ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ನೂಲು ಅಡವಿಟ್ಟುಕೊಂಡು ದುಡ್ಡು ಕೊಡುವ ವ್ಯವಸ್ಥೆ ಇಲ್ಲದಿದ್ದರೆ ಇನ್ನೂ ಎಷ್ಟೋ ಚರಕ ನಿಲ್ಲುತ್ತಿದ್ದವು. 2021ರ ಕೊನೆಗೆ ಎಲ್ಲ ತಿರುಗಿತು. ಮದುವೆಗಳು ಶುರುವಾದವು, ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬಿದ್ದ ವಿಪರೀತ ಮಳೆಗೆ ಸೊಪ್ಪು ಹಾಳಾಯಿತು, ಗೂಡು ಕಮ್ಮಿಯಾಯಿತು. ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು, ನೂಲು ಕಿಲೋಗೆ 5,000 ರೂಪಾಯಿ ದಾಟಿತು. ನಮ್ಮ ಊರಿನಲ್ಲಿ ಸಂತೋಷ, ದೊಡ್ಡಬಳ್ಳಾಪುರದಲ್ಲಿ ಮಗ್ಗ ಬಂದ್. ಮರುವರ್ಷ ಆಮದು ಮತ್ತೆ ಏರಿತು. ಅಂದರೆ ಮಾಮೂಲಿ ದಿನಗಳಿಗೆ ಸಾಕಾಗುವಷ್ಟು ನಾವು ಬೆಳೆಯುತ್ತೇವೆ, ಒಂದು ಮಳೆಗಾಲ ಕೆಟ್ಟರೆ ಸಾಕಾಗುವುದಿಲ್ಲ.

ಉಳಿದಿರುವ ಗಂಟು

ಬಿಳಿ ಗೂಡು ಬಂದರೆ ಸಾಲದು, ಅದನ್ನು ದರ್ಜೆಯ ನೂಲು ಮಾಡುವ ಯಂತ್ರ ಬೇಕು. ಅದಕ್ಕೆ ಆಟೊಮ್ಯಾಟಿಕ್ ರೀಲಿಂಗ್ ಮೆಷಿನ್, ಎಆರ್‌ಎಂ ಅನ್ನುತ್ತಾರೆ. ನೂರಾರು ಎಳೆಗಳನ್ನು ಒಟ್ಟಿಗೆ ಬಿಚ್ಚುತ್ತದೆ, ಯಾವ ಎಳೆ ತೆಳುವಾಯಿತೋ ಅಲ್ಲಿಗೆ ತಾನೇ ಹೊಸ ಗೂಡು ಸೇರಿಸುತ್ತದೆ. ಸರ್ಕಾರ ದೊಡ್ಡ ಸಹಾಯಧನ ಕೊಟ್ಟಿತು, ರಾಮನಗರದಲ್ಲೂ ನಮ್ಮ ಕಡೆಯೂ ಈ ಘಟಕಗಳು ಬಂದವು. ಯಂತ್ರ ಬಂದದ್ದು ಎಲ್ಲಿಂದ? ಚೀನಾದಿಂದ. ಚೀನಾ ನೂಲು ಬೇಡ ಅಂತ ಚೀನಾ ಯಂತ್ರ ತಂದೆವು. ನಾನು ಇದನ್ನು ತಪ್ಪು ಅನ್ನುವುದಿಲ್ಲ. ಯಂತ್ರ ಒಂದು ಸಲ ಕೊಂಡರೆ ವರ್ಷಗಟ್ಟಲೆ ಓಡುತ್ತದೆ, ನೂಲು ದಿನಾ ಕೊಳ್ಳಬೇಕು. ಎರಡೂ ಒಂದೇ ತೂಕದ ಅವಲಂಬನೆ ಅಲ್ಲ. ಆದರೆ ಬಿಡಿಭಾಗಕ್ಕೆ ಕಾಯುವಾಗ ಯಂತ್ರ ನಿಲ್ಲುತ್ತದೆ, ನಿಂತ ಯಂತ್ರದ ಸಾಲದ ಕಂತು ನಿಲ್ಲುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿ ದೇಶೀಯ ಎಆರ್‌ಎಂ ರೂಪಿಸಿದೆ. 2021-22ರಿಂದ 2025-26ರ ಅವಧಿಗೆ ಸಿಲ್ಕ್ ಸಮಗ್ರ-2 ಯೋಜನೆಗೆ 4,679.86 ಕೋಟಿ ರೂಪಾಯಿ ಇಟ್ಟಿದ್ದಾರೆ. ಇಂಥ ದುಡ್ಡಿನಲ್ಲಿ ಮೊದಲ ಪಾಲು ಈ ಯಂತ್ರ, ಇದರ ಬಿಡಿಭಾಗ, ಇದನ್ನು ರಿಪೇರಿ ಮಾಡಬಲ್ಲ ಶಿಡ್ಲಘಟ್ಟದ ಹುಡುಗರ ತರಬೇತಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚರಕ ನಡೆಸುವ ಸಣ್ಣ ರೀಲರ್‌ಗೆ ಕೋಟಿ ರೂಪಾಯಿಯ ಯಂತ್ರದ ಕನಸೂ ಬೀಳುವುದಿಲ್ಲ. ಅವರಿಗೆ ಸಣ್ಣ ಯಂತ್ರ ಬೇಕು.

ಇನ್ನೊಂದು ಗಂಟು ಮಾರುಕಟ್ಟೆಯೊಳಗೇ ಇದೆ, ಇದಕ್ಕೆ ಚೀನಾ ಕಾರಣ ಅಲ್ಲ. ಹರಾಜು ಈಗ ಇ-ಹರಾಜು ಆಗಿದೆ, ದುಡ್ಡು ಬ್ಯಾಂಕಿಗೆ ಬರುತ್ತದೆ, ಒಳ್ಳೆಯದೇ. ಆದರೆ ಗೂಡಿನ ಗುಣ ನೋಡುವ ರೀತಿ ಹಳೆಯದೇ. ರೀಲರ್ ಬಂದು ಒಂದು ಹಿಡಿ ಗೂಡು ಕೈಗೆ ತೆಗೆದುಕೊಳ್ಳುತ್ತಾನೆ, ಅಲ್ಲಾಡಿಸುತ್ತಾನೆ, ಒತ್ತಿ ನೋಡುತ್ತಾನೆ, ಮನಸ್ಸಿನಲ್ಲೇ ಅಂದಾಜು ಮಾಡಿ ದರ ಹಾಕುತ್ತಾನೆ. ಅನುಭವಿ ಕೈ ಬಹಳ ಸಲ ಸರಿಯಾಗೇ ಹೇಳುತ್ತದೆ, ಒಪ್ಪುತ್ತೇನೆ. ಆದರೆ 21ರ ಗೂಡಿಗೂ 23ರ ಗೂಡಿಗೂ ಇರುವ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಆ ಅಂಕಿ ಏನೆಂದರೆ, ಇಡೀ ಗೂಡಿನ ತೂಕದಲ್ಲಿ ರೇಷ್ಮೆಯ ಸಿಪ್ಪೆ ಶೇಕಡಾ ಎಷ್ಟು ಅನ್ನುವುದು. ಮಿಶ್ರತಳಿಯಲ್ಲಿ ಅದು 17-18, ಒಳ್ಳೆಯ ದ್ವಿತಳಿಯಲ್ಲಿ 21ರಿಂದ 23. ಉಳಿದದ್ದು ಒಳಗಿನ ಹುಳುವಿನ ತೂಕ. ಶ್ರಮಪಟ್ಟು 23 ತೆಗೆದ ರೈತನಿಗೂ 21 ತೆಗೆದವನಿಗೂ ಒಂದೇ ದರ ಬಂದರೆ, ಮುಂದಿನ ಬೆಳೆಗೆ ಆತ ಯಾಕೆ ಹೆಚ್ಚು ಖರ್ಚು ಮಾಡುತ್ತಾನೆ? ಬೆಲೆಯ ಅಂತರ ಕಡಿಮೆಯಾದಾಗ ಸುಮ್ನೆ ಯಾಕೆ ತಲೆನೋವು ಅಂತ ಮಿಶ್ರತಳಿಗೇ ಹೋಗುತ್ತಾರೆ. ಒಬ್ಬೊಬ್ಬರು ಹೀಗೆ ಹೋದಂತೆಲ್ಲ ದೊಡ್ಡಬಳ್ಳಾಪುರದ ಹಾಸಿನ ಎಳೆಗೆ ಮತ್ತೆ ಹೊರಗಿನ ನೂಲೇ ಬೇಕಾಗುತ್ತದೆ.

ಪರೀಕ್ಷೆ ದೊಡ್ಡ ವಿದ್ಯೆಯಲ್ಲ. ಪ್ರತಿ ಲಾಟಿನಿಂದ ಕೆಲವು ಗೂಡು ತೆಗೆದು, ಬ್ಲೇಡಿನಲ್ಲಿ ಕೊಯ್ದು, ಹುಳು ಬೇರೆ ಸಿಪ್ಪೆ ಬೇರೆ ತೂಗಿದರೆ ಆಯಿತು. ಒಂದು ಮೇಜು, ಒಂದು ಸಣ್ಣ ತಕ್ಕಡಿ, ತರಬೇತಿ ಪಡೆದ ಇಬ್ಬರು ಸಾಕು. ಬಂದ ಅಂಕಿಯನ್ನು ಲಾಟಿನ ಚೀಟಿಯ ಮೇಲೆ ಬರೆದು ಇ-ಹರಾಜಿನ ಪರದೆಯಲ್ಲಿ ದರದ ಪಕ್ಕ ತೋರಿಸಬೇಕು. ರೀಲರ್ ತನಗೆ ಬೇಕಾದ ಬೆಲೆಯನ್ನೇ ಹಾಕಲಿ, ಅಂಕಿ ಮಾತ್ರ ಇಬ್ಬರ ಕಣ್ಣಮುಂದೆ ಇರಲಿ. ದಿನಕ್ಕೆ ಬರುವ ನೂರಾರು ಲಾಟಿಗೂ ಇದನ್ನು ಮಾಡಲು ಹೊತ್ತು ಸಾಲದು ಅಂದರೆ ದ್ವಿತಳಿ ಲಾಟುಗಳಿಂದ ಶುರು ಮಾಡಲಿ. ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಇದನ್ನು ಒಂದು ವರ್ಷ ಕಡ್ಡಾಯವಾಗಿ ನಡೆಸಿ, ಆ ವರ್ಷದ ದರವನ್ನೂ ಅಂಕಿಯನ್ನೂ ಎದುರುಬದುರು ಇಟ್ಟು ರೈತರ ಮುಂದೆ ಪ್ರಕಟಿಸಿ ಅಂತ ರೇಷ್ಮೆ ಇಲಾಖೆಯನ್ನು ಕೇಳುತ್ತೇನೆ.